ಹೆಸರಿಟ್ಟ ಮೇಲೆ ಸೈನಿಕ ಅಗ್ಗವಲ್ಲ

ಎಕ್ಸ್‌ಕಾಮ್ 2 ಆಡುವವರಲ್ಲಿ ಎರಡು ಪಂಗಡಗಳಿವೆ. ಸೈನಿಕನ ಮೀಸೆ, ಟೋಪಿ, ಕವಚದ ಬಣ್ಣ ಆರಿಸುತ್ತಾ ಗಂಟೆಗಟ್ಟಲೆ ಕಳೆಯುವವರು ಒಂದು ಕಡೆ; ಇದೆಲ್ಲ ಗೊಂಬೆಗೆ ಸೀರೆ ಉಡಿಸುವ ಆಟ ಎಂದು ಮೂಗು ಮುರಿದು ನೇರವಾಗಿ ಮಿಷನ್ನಿಗೆ ಇಳಿಯುವವರು ಇನ್ನೊಂದು ಕಡೆ. ಲೆಕ್ಕದ ಮಟ್ಟಿಗೆ ಎರಡನೆಯವರೇ ಸರಿ. ಫಿರಾಕ್ಸಿಸ್ ಕಂಪನಿ 2016ರಲ್ಲಿ ತಂದ, ಏಲಿಯನ್‌ಗಳ ವಿರುದ್ಧ ಸರದಿಯಂತೆ ಹೋರಾಡುವ ಈ ಗೇಮ್‌ನಲ್ಲಿ ಹೆಸರು, ದೇಶ, ಮುಖ, ದನಿ ಯಾವುದನ್ನು ಬದಲಿಸಿದರೂ ಗುಂಡು ಗುರಿ ಮುಟ್ಟುವ ಸಾಧ್ಯತೆ ಒಂದು ಅಂಕಿಯಷ್ಟೂ ಏರುವುದಿಲ್ಲ. ಆದರೂ ಕ್ಯಾಂಪೇನ್ ಮೇಲೆ ಕ್ಯಾಂಪೇನ್ ಆಡಿದ ಮೇಲೆ ನನಗೆ ಮನದಟ್ಟಾಗಿರುವುದು ಬೇರೆಯೇ. ಅಂಕಿಗಳನ್ನು ಮುಟ್ಟದ ಈ ಅಲಂಕಾರವೇ ಆಟಗಾರನ ತಂತ್ರವನ್ನು ಹೆಚ್ಚು ಬದಲಿಸುತ್ತದೆ. 2017ರ ವಿಸ್ತರಣೆ ‘ವಾರ್ ಆಫ್ ದಿ ಚೋಸನ್’ ತಂದ ಮೂರು ಬಣಗಳ ಬೆಲೆ ತಿಳಿಯುವುದೂ ಇದರ ಪಕ್ಕದಲ್ಲಿಟ್ಟು ನೋಡಿದಾಗಲೇ.

ಈ ಸರಣಿಯಲ್ಲಿ ಸತ್ತ ಸೈನಿಕ ಸತ್ತಂತೆಯೇ. 1994ರಲ್ಲಿ ಜೂಲಿಯನ್ ಗೊಲಾಪ್ ವಿನ್ಯಾಸಗೊಳಿಸಿದ ಮೊದಲ ಎಕ್ಸ್‌ಕಾಮ್‌ನಿಂದಲೂ ಅದೇ ಕಟ್ಟಳೆ, ಆಗಲೂ ಸೈನಿಕರಿಗೆ ನಮಗೆ ಬೇಕಾದ ಹೆಸರಿಡಬಹುದಿತ್ತು. ಹೆಸರಿಲ್ಲದ ಹೊಸಬನನ್ನು ಆಟಗಾರ ನಡೆಸಿಕೊಳ್ಳುವ ರೀತಿ ನೋಡಿ: ಕತ್ತಲೆಯ ಮೂಲೆಯಲ್ಲಿ ಏನಿದೆಯೋ ತಿಳಿಯಲು ಮೊದಲು ಅವನನ್ನೇ ಮುಂದೆ ತಳ್ಳುತ್ತಾನೆ. ಅದೇ ಹುಡುಗನಿಗೆ ಗೆಳೆಯನ ಹೆಸರು, ಕೆನ್ನೆಯ ಮೇಲೊಂದು ಗಾಯದ ಗುರುತು, ನಾಲ್ಕು ಸಾಲಿನ ಜೀವನಚರಿತ್ರೆ ಕೊಟ್ಟು ನೋಡಿ. ಅರ್ಧ ಎತ್ತರದ ಮರೆ 20 ಅಂಕದ ರಕ್ಷಣೆ ಕೊಡುತ್ತದೆ, ಪೂರ್ಣ ಮರೆ 40. ಆ ಇಪ್ಪತ್ತು ಅಂಕದ ವ್ಯತ್ಯಾಸಕ್ಕಾಗಿ ಒಂದು ಸರದಿ ಕಳೆಯಲೂ, ಕೊನೆಯವರೆಗೆ ಉಳಿಸಿಕೊಳ್ಳಬೇಕೆಂದಿದ್ದ ಗ್ರೆನೇಡನ್ನು ಈಗಲೇ ಎಸೆಯಲೂ ಆಟಗಾರ ಸಿದ್ಧನಾಗುತ್ತಾನೆ. ಗಂಡಾಂತರದ ಪ್ರಮಾಣ ಮೊದಲಿನಷ್ಟೇ. ತೆರಬೇಕಾದ ಬೆಲೆ ಏರಿದೆ. ಹಾಗಿರುವಾಗ ತಂತ್ರ ಬದಲಾಗಿಲ್ಲ ಎನ್ನುವುದು ಹೇಗೆ?

ಇಲ್ಲಿ ಒಂದು ತಕರಾರು ಬರುತ್ತದೆ: ಮಮತೆ ಹೆಚ್ಚಿದರೆ ಆಟ ಕೆಡುತ್ತದೆ, ಆಟಗಾರ ಹೆಜ್ಜೆಹೆಜ್ಜೆಗೂ ಹೆದರಿ ಮರೆಯಿಂದ ಮರೆಗೆ ತೆವಳುತ್ತಾನೆ ಎಂದು. ಇದು ಪೊಳ್ಳು ಮಾತೇನಲ್ಲ. 2012ರ ‘ಎನಿಮಿ ಅನ್‌ನೋನ್’ನಲ್ಲಿ ಆಮೆನಡಿಗೆಯೇ ಗೆಲ್ಲುವ ದಾರಿಯಾಗಿತ್ತು. ಮುಂದಿನ ಗೇಮ್‌ನಲ್ಲಿ ಹಲವು ಮಿಷನ್‌ಗಳಿಗೆ ಸರದಿಗಳ ಗಡುವು ಬಂತು, ಆಟಗಾರರು ಗೊಣಗಿದ್ದೂ ಆಯಿತು. ನನ್ನ ಪ್ರಕಾರ ಮದ್ದು ಬೇಕಿದ್ದದ್ದು ಅಂಜಿಕೆಗೆ, ಮಮತೆಗಲ್ಲ. ವಿಸ್ತರಣೆಯಲ್ಲಿ ಬಂದ ದಣಿವಿನ ಲೆಕ್ಕ ಇದನ್ನು ಇನ್ನೂ ಜಾಣತನದಿಂದ ನಿಭಾಯಿಸಿದೆ. ಮಿಷನ್ ಮುಗಿಸಿ ಬಂದವರು ಬಳಲಿರುತ್ತಾರೆ. ಬಳಲಿದವರನ್ನೇ ಮತ್ತೆ ಕಳಿಸಿದರೆ ಭಯದಂಥ ಮನೋದೌರ್ಬಲ್ಯ ಅಂಟಿಕೊಳ್ಳಬಹುದು. ಹೀಗಾಗಿ ಅಚ್ಚುಮೆಚ್ಚಿನ ಆರು ಜನರನ್ನೇ ನೆಚ್ಚಿಕೊಂಡು ಕೂರುವಂತಿಲ್ಲ, ಎರಡನೇ ಸಾಲಿನವರಿಗೂ ಹೆಸರು, ಮುಖ ಹುಡುಕಬೇಕು. ಇನ್ನು ಸಾವಾದ ಕೂಡಲೇ ಹಳೆಯ ಸೇವ್ ಫೈಲ್ ತೆರೆಯುವವರಿಗೆ ಈ ವಾದ ಅನ್ವಯಿಸದು. ಐರನ್‌ಮ್ಯಾನ್ ಮೋಡ್ ಇರುವುದೇ ಆ ಚಪಲಕ್ಕೆ ಕಡಿವಾಣ ಹಾಕಲು.

ಬಣಗಳ ಹಾದಿ ಇದಕ್ಕೆ ಉಲ್ಟಾ. ರೀಪರ್, ಸ್ಕರ್ಮಿಶರ್, ಟೆಂಪ್ಲರ್ ಮೂವರೂ ತಮ್ಮ ಉಡುಪು, ತಮ್ಮ ಲಾಂಛನ ಹೊತ್ತೇ ಬರುತ್ತಾರೆ. ಹೆಸರು, ಬಣ್ಣ ಬದಲಿಸಬಹುದು, ಆದರೆ ಪೂರ್ತಿ ನಮ್ಮವರಾಗಿಸಲು ಆಗದು. ಸಾಮಾನ್ಯ ಸೈನಿಕ ಗುಂಡು ಹಾರಿಸಿದರೆ ಅವನ ಸರದಿ ಮುಗಿಯಿತು. ಸ್ಕರ್ಮಿಶರನಿಗೆ ಮುಗಿಯುವುದಿಲ್ಲ, ಹೊಡೆದು ಓಡಬಹುದು, ಇಲ್ಲವೇ ಎರಡು ಸಲ ಹೊಡೆಯಬಹುದು. ರೀಪರ್ ನೆರಳಿನಲ್ಲಿ ಅಡಗಿಯೇ ಗುಂಡು ಹಾರಿಸಬಲ್ಲ, ಹಾರಿಸಿದಷ್ಟೂ ಸಿಕ್ಕಿಬೀಳುವ ಸಾಧ್ಯತೆ ಏರುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿರುವುದು ಟೆಂಪ್ಲರ್. ಅವನ ಅತೀಂದ್ರಿಯ ಕತ್ತಿಯ ಹೊಡೆತ ತಪ್ಪುವುದೇ ಇಲ್ಲ. ತೊಂಬತ್ತು ಪರ್ಸೆಂಟ್ ತೋರಿಸಿದ ಗುಂಡು ಶತ್ರುವಿನ ಕಿವಿಯ ಪಕ್ಕದಲ್ಲಿ ಹಾದುಹೋದದ್ದನ್ನು ಕಂಡವರಿಗೇ ಗೊತ್ತು ಈ ಖಾತ್ರಿಯ ಸುಖ. ಆದರೆ ಹೊಡೆಯಲು ಶತ್ರುವಿನ ಮೈಪಕ್ಕಕ್ಕೇ ಹೋಗಬೇಕು. ಹೊಡೆದ ಮೇಲೆ ಸಿಗುವ ಒಂದು ನಡೆಯಲ್ಲಿ ಮರೆಗೆ ಹಿಂತಿರುಗಬಹುದು, ಅಥವಾ ಪ್ಯಾರಿ ಕಲಿತಿದ್ದರೆ ಅಲ್ಲೇ ನಿಂತು ಮುಂದಿನ ಏಟನ್ನು ತಡೆಯಬಹುದು. ಮಮತೆಯಿಂದ ಮರೆಗೆ ಅಂಟಿಕೊಂಡ ಆಟಗಾರನನ್ನು ಬಯಲಿಗೆ ಎಳೆಯುವವನು ಇವನೇ. ಬಣದ ವೀರರು ಬಲಾಢ್ಯರು, ಸಾಮಾನ್ಯ ಸೈನಿಕರು ಅವರೆದುರು ಮಂಕಾಗುತ್ತಾರೆ ಎಂಬ ದೂರಿದೆ. ಬಲ ಹೆಚ್ಚೆಂಬುದು ನಿಜವೇ. ಆದರೆ ಅವರೂ ದಣಿಯುತ್ತಾರೆ, ಗಾಯಗೊಳ್ಳುತ್ತಾರೆ, ಮಿಷನ್ ಮಾತ್ರ ಯಾರಿಗೂ ಕಾಯುವುದಿಲ್ಲ.

ನನ್ನ ಆಕ್ಷೇಪ ಇರುವುದು ಬಣಗಳ ರಾಜಕೀಯದಲ್ಲಿ. ಸ್ಕರ್ಮಿಶರರು ಏಲಿಯನ್ ಆಡಳಿತದ ಪಡೆಯಿಂದ ಸಿಡಿದು ಬಂದವರು. ಕಥೆಯಲ್ಲಿ ರೀಪರ್‌ಗಳಿಗೆ ಅವರ ಮೇಲೆ ಹಗೆ. ಆಟದಲ್ಲಿ ಮಾತ್ರ ಮೂವರನ್ನೂ ಒಟ್ಟಿಗೆ ಸೇರಿಸಿಕೊಂಡರೆ ಯಾರೂ ಮುನಿಯುವುದಿಲ್ಲ. ಹಗೆಯೆಲ್ಲ ಸಂಭಾಷಣೆಯಲ್ಲೇ ಕರಗಿತು. ಗೊಲಾಪ್ ಅವರದೇ ‘ಫೀನಿಕ್ಸ್ ಪಾಯಿಂಟ್’ (2019) ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ: ನ್ಯೂ ಜೆರಿಕೊ, ಸಿನೀಡ್ರಿಯನ್, ಅನುವಿನ ಶಿಷ್ಯರು, ಈ ಮೂವರಲ್ಲಿ ಒಬ್ಬರನ್ನು ಓಲೈಸಲು ಹೊರಟರೆ ಇನ್ನೊಬ್ಬರ ಜತೆ ಕೆಡುವ ಸಂದರ್ಭ ಬಂದೇ ಬರುತ್ತದೆ. ಅಲಂಕಾರದಲ್ಲೂ ಅರೆಕೊರೆ ಇದೆ. ಎಕ್ಸ್‌ಕಾಮ್ 2ರ ಸೈನಿಕನಿಗೆ ಬಸವರಾಜ ಎಂದು ಹೆಸರಿಟ್ಟು ತ್ರಿವರ್ಣ ಧ್ವಜ ಕೊಡಬಹುದು, ಆದರೆ ದನಿಗಳ ಪಟ್ಟಿಯಲ್ಲಿ ಭಾರತದ ಒಂದು ಭಾಷೆಯೂ ಇಲ್ಲ. ಗುಂಡು ತಗುಲಿದರೆ ಆತ ಚೀರುವುದು ಯುರೋಪಿನ ಯಾವುದೋ ನುಡಿಯಲ್ಲೇ.

ಈ ಎರಡು ಎಳೆಗಳೂ ನಿಜಕ್ಕೂ ಕೂಡುವ ಜಾಗ ಒಂದಿದೆ, ಬಹಳ ಜನ ಅದನ್ನು ಗಮನಿಸಿಯೇ ಇರುವುದಿಲ್ಲ. ನಾವು ರೂಪಿಸಿದ ಪಾತ್ರಗಳನ್ನು ಕ್ಯಾರೆಕ್ಟರ್ ಪೂಲ್‌ನಲ್ಲಿ ಕೂಡಿಡುವಾಗ ಆತ ಸೈನಿಕನಾಗಿ ಬರಬಹುದೇ, ರಕ್ಷಿಸಬೇಕಾದ ಗಣ್ಯನಾಗಿಯೇ, ಶತ್ರುಪಕ್ಷದ ಗಣ್ಯನಾಗಿಯೇ ಎಂದು ಗುರುತು ಹಾಕಬಹುದು. ಮೂರನೆಯದನ್ನೂ ಆರಿಸಿಟ್ಟರೆ, ಗೆಳೆಯನ ಮುಖ ಹೊತ್ತವನು ಒಂದು ದಿನ ಆಚೆ ಬಣದಲ್ಲಿ ನಿಂತಿರುತ್ತಾನೆ. ಅವನನ್ನು ಹೊಡೆದುರುಳಿಸಬೇಕೋ, ಹೊತ್ತುಕೊಂಡು ವಿಮಾನದವರೆಗೆ ಓಡಬೇಕೋ ಎಂಬ ಆಯ್ಕೆ ಆಟಗಾರನದು. ಮುಂದಿನ ಎಕ್ಸ್‌ಕಾಮ್ ಎಂದಾದರೂ ಬಂದರೆ ನಾನು ಮೊದಲು ತೆರೆದು ನೋಡುವುದು ಇದೇ ಪುಟವನ್ನು.