ಬೇಲಿಯ ಕಾಡುಪಾಪ: ಶಾಲಾ ಮಕ್ಕಳಿಂದ ರಾತ್ರಿ ಎಣಿಕೆ

ಹೊಲದ ಬೇಲಿಯನ್ನು ಸವರುವ ಮುನ್ನ ಅದರಲ್ಲಿ ಯಾವ ಜೀವಿ ವಾಸವಾಗಿದೆಯೆಂದು ತಿಳಿಯುವುದು ಒಳ್ಳೆಯದು. ಹಗಲೆಲ್ಲ ಪೊದೆಯಲ್ಲಿ ಮುದುಡಿ ಮಲಗಿ ರಾತ್ರಿ ಹೊರಬರುವ ಕಾಡುಪಾಪವು ಅನೇಕ ರೈತರ ಕಣ್ಣಿಗೆ ಬೀಳುವುದೇ ಇಲ್ಲ. ತುಮಕೂರು ಜಿಲ್ಲೆಯ ನಾಗವಳ್ಳಿಯಲ್ಲಿ ಪ್ರೌಢಶಾಲೆಯ ಶಿಕ್ಷಕರೂ ವಿದ್ಯಾರ್ಥಿಗಳೂ ಇದರ ರಕ್ಷಣೆಗೆ ಶ್ರಮಿಸಿದ್ದಾರೆ. ಇತರ ಶಾಲೆಗಳೂ ಈ ಕಾರ್ಯವನ್ನು ಕೈಗೊಳ್ಳಬಹುದು.

ಉಪಯುಕ್ತ ಪ್ರಾಣಿ

ಕಾಡುಪಾಪವು ಸುಮಾರು ಕಾಲು ಕಿಲೋ ತೂಗುವ, ಬಾಲವಿಲ್ಲದ, ಸಣಕಲು ಕೈಕಾಲುಗಳ ಪ್ರಾಣಿ. ಇರುವೆ, ಗೆದ್ದಲು, ದುಂಬಿ ಮೊದಲಾದ ಕೀಟಗಳೇ ಇದರ ಮುಖ್ಯ ಆಹಾರ. ಬೆಳೆಗೆ ಇದರಿಂದ ಹಾನಿಯಿಲ್ಲ. ಇದು ಕೋತಿಯಂತೆ ನೆಗೆಯಲಾರದು. ಕೊಂಬೆಯಿಂದ ಕೊಂಬೆಗೆ ಹಿಡಿದುಕೊಂಡೇ ಸಾಗಬೇಕು. ಬೇಲಿಸಾಲು ತುಂಡಾದರೆ ನೆಲಕ್ಕಿಳಿದು ನಾಯಿಗಳ ಬಾಯಿಗೆ ಸಿಕ್ಕುತ್ತದೆ. ಮೂಢನಂಬಿಕೆಯಿಂದ ಇದನ್ನು ಹಿಡಿದು ಹಿಂಸಿಸುವವರೂ ಉಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿರುವ ಈ ಪ್ರಾಣಿಯನ್ನು ಹಿಡಿಯುವುದು, ಸಾಕುವುದು ಅಪರಾಧ.

ಎಣಿಕೆಯ ವಿಧಾನ

1. ಹಗಲಿನಲ್ಲಿಯೇ ಹೊಲದ ಬದುಗಳ ಮೇಲೆ 2 ಕಿಲೋಮೀಟರ್ ದಾರಿಯನ್ನು ಗುರುತಿಸಬೇಕು. ತೆರೆದ ಬಾವಿ, ವಿದ್ಯುತ್ ಬೇಲಿಗಳಿರುವ ಕಡೆ ಹೋಗಬಾರದು. ಹೊಲದ ಒಡೆಯರ ಒಪ್ಪಿಗೆ ಪಡೆಯಬೇಕು. ಕಾಡಿನೊಳಗಾದರೆ ಅರಣ್ಯ ಇಲಾಖೆಯ ಅನುಮತಿ ಅವಶ್ಯ.

2. ನಾಲ್ಕೈದು ವಿದ್ಯಾರ್ಥಿಗಳ ತಂಡದೊಡನೆ ಇಬ್ಬರು ಹಿರಿಯರಿರಬೇಕು. ಹಾವಿನ ಭಯವಿರುವುದರಿಂದ ಎಲ್ಲರೂ ಬೂಟು ಧರಿಸಿರಬೇಕು. ಕಾಲಬುಡಕ್ಕೆ ಬೇರೊಂದು ಟಾರ್ಚು ಬೇಕು.

3. ಮರಗಿಡಗಳನ್ನು ನೋಡುವ ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಬೇಕು. ಇದರಿಂದ ಪ್ರಾಣಿಗೆ ತೊಂದರೆ ಕಡಿಮೆ. ಬೆಳಕಿಗೆ ಎರಡು ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಬೆಕ್ಕೋ ಕಾಡುಪಾಪವೋ ಎಂದು ಖಚಿತವಾದ ಮೇಲೆಯೇ ಬರೆಯಬೇಕು.

4. ಗಂಟೆಗೆ ಸುಮಾರು 1 ಕಿಲೋಮೀಟರಿನಂತೆ ಮೆಲ್ಲಗೆ ನಡೆಯಬೇಕು. ದಿನಾಂಕ, ವೇಳೆ, ಬೆಳದಿಂಗಳು, ಮರದ ಹೆಸರು, ನೆಲದಿಂದ ಎತ್ತರ, ಕಂಡ ಸಂಖ್ಯೆ ಇವಿಷ್ಟನ್ನೂ ದಾಖಲಿಸಬೇಕು. ಪ್ರಾಣಿಯನ್ನು ಮುಟ್ಟಬಾರದು, ಫೋಟೋಕ್ಕಾಗಿ ಕೊಂಬೆ ಅಲುಗಿಸಬಾರದು.

ಲೆಕ್ಕ ಮತ್ತು ಪಾಠ

2 ಕಿಲೋಮೀಟರಿನಲ್ಲಿ 3 ಕಂಡರೆ ಕಿಲೋಮೀಟರಿಗೆ 1.5 ಎಂದಾಯಿತು. ತಿಂಗಳಿಗೊಮ್ಮೆ ಅದೇ ದಾರಿಯಲ್ಲಿ ಅದೇ ವೇಳೆಗೆ ನಡೆದರೆ ಮಾತ್ರ ಹೋಲಿಕೆ ಸಾಧ್ಯ. ಒಂದೂ ಕಾಣದ ರಾತ್ರಿ ‘ಸೊನ್ನೆ’ ಎಂದೇ ಬರೆಯಬೇಕು. ಮಕ್ಕಳು ಸೊನ್ನೆಯನ್ನು ಬಿಟ್ಟರೆ ಇಡೀ ವರ್ಷದ ಲೆಕ್ಕ ಸುಳ್ಳಾಗುತ್ತದೆ. ಈ ಪ್ರಾಮಾಣಿಕತೆಯೇ ವಿಜ್ಞಾನದ ಮೊದಲ ಪಾಠ.

ರೈತರು ಮಾಡಬೇಕಾದುದು

ದಾಖಲೆಯನ್ನು ಊರಿನ ನಕ್ಷೆಯ ಮೇಲೆ ಗುರುತಿಸಿದರೆ ಬೇಲಿ ಎಲ್ಲಿ ತುಂಡಾಗಿದೆಯೆಂದು ತಿಳಿಯುತ್ತದೆ. ಅಲ್ಲಿ ಹೊಂಗೆ, ಬೇವು ಮುಂತಾದ ಸಸಿ ನೆಟ್ಟು ಸಾಲನ್ನು ಕೂಡಿಸಬೇಕು. ಬೇಲಿಯನ್ನು ಒಮ್ಮೆಗೇ ಬುಡಸಹಿತ ಕಡಿಯದೆ ಕಂತಿನಲ್ಲಿ ಸವರಬೇಕು, ಬೆಂಕಿ ಹಾಕಬಾರದು.

ತಮಿಳುನಾಡಿನ ಕಡವೂರಿನಲ್ಲಿ 2022ರಲ್ಲಿ ಕಾಡುಪಾಪಕ್ಕಾಗಿ 11,806 ಹೆಕ್ಟೇರಿನ ಅಭಯಾರಣ್ಯ ಘೋಷಿತವಾಯಿತು. ಹೊಲದ ಬೇಲಿಯಲ್ಲಿರುವ ಕಾಡುಪಾಪಕ್ಕೆ ಮಾತ್ರ ಆ ಹೊಲದ ರೈತನೇ ಕಾವಲುಗಾರ.