ಇಂದಿನ ಧಮ್ಮ ಚಿಂತನೆ: ಅರ್ಧ ಕಾಲಾಮ ಸುತ್ತ ಸಾಲದು





ಈ ವಾರ ನಮ್ಮ ಗುಂಪಿನಲ್ಲಿ ಒಂದು ವಿಡಿಯೊ ಓಡಾಡಿತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟೇ ಇಲ್ಲ, ಅಮೆರಿಕದವರು ಸ್ಟುಡಿಯೊದಲ್ಲಿ ಶೂಟಿಂಗ್ ಮಾಡಿ ಜಗತ್ತಿಗೆ ತೋರಿಸಿದರು ಎಂಬುದು ಅದರ ಸಾರ. ಕಾಲೇಜಿಗೆ ಹೋಗುವ ಒಬ್ಬ ತಮ್ಮ ಬರೆದ: "ಸರ್, ಯಾರೋ ಹೇಳ್ಯಾರಂತ ನಂಬಬ್ಯಾಡ್ರಿ ಅಂತ ಬುದ್ಧರೇ ಕಾಲಾಮರಿಗೆ ಹೇಳ್ಯಾರಲ್ರಿ. ಮತ್ತ ನಾಸಾ ಹೇಳಿದ್ದು ಯಾಕ ನಂಬಬೇಕ್ರಿ?" ಹಿರಿಯರೊಬ್ಬರು, "ಸಾಲಿ ಪುಸ್ತಕದಾಗ ಅದ ತಮ್ಮಾ, ಸುಮ್ನಿರು" ಎಂದರು.

ತಮ್ಮನ ಪ್ರಶ್ನೆ ಒಳ್ಳೆಯದು. ಹಿರಿಯರ ಉತ್ತರ ಸಾಲದು. ಪುಸ್ತಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ ಎಂದೂ ಬುದ್ಧರು ಕಾಲಾಮರಿಗೆ ಹೇಳಿದ್ದಾರೆ. ಆದ್ದರಿಂದ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಳ್ಳೋಣ.

*1. ಸುತ್ತದ ಇನ್ನರ್ಧ*

ಕೇಸಪುತ್ತದ ಕಾಲಾಮರ ತೊಂದರೆ ನಮ್ಮದೇ ತೊಂದರೆ. ಇಂದು ಒಬ್ಬ ಸಾಧು ಬಂದು ತನ್ನದೇ ಸರಿ ಎನ್ನುತ್ತಾನೆ, ನಾಳೆ ಇನ್ನೊಬ್ಬ ಬಂದು ಅವನನ್ನು ಹಳಿಯುತ್ತಾನೆ. ಬುದ್ಧರು ಅವರ ಸಂಶಯವನ್ನು ಬೈಯಲಿಲ್ಲ, ಸಂಶಯ ಪಡುವುದು ಸಹಜ ಎಂದು ಒಪ್ಪಿದರು. ಕೇಳಿದ ಮಾತು, ಪರಂಪರೆ, ಗ್ರಂಥ, ಗುರುವಿನ ಮೇಲಿನ ಗೌರವ, ಇವಷ್ಟರಿಂದಲೇ ಒಪ್ಪಬೇಡಿ ಎಂದರು. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ನಮ್ಮ ಮನಸ್ಸಿನಲ್ಲಿ ಮೊದಲೇ ಕುಳಿತ ಅಭಿಪ್ರಾಯಕ್ಕೆ ಹೊಂದುತ್ತದೆ ಎಂದೂ ಒಪ್ಪಬೇಡಿ.

ನಾವು ಸಾಮಾನ್ಯವಾಗಿ ಇಲ್ಲಿಗೆ ಓದು ನಿಲ್ಲಿಸುತ್ತೇವೆ. ಸುತ್ತ ನಿಲ್ಲುವುದಿಲ್ಲ. ನೀವೇ ಪರೀಕ್ಷಿಸಿ ತಿಳಿದ ಮೇಲೆ ಕೆಟ್ಟದ್ದನ್ನು ಬಿಡಿ, ಒಳ್ಳೆಯದನ್ನು ಸ್ವೀಕರಿಸಿ ನಡೆಯಿರಿ ಎಂದು ಅದು ಮುಂದುವರಿಯುತ್ತದೆ. ಅಲ್ಲಿ ಮಾತು ಶೀಲದ ಬಗ್ಗೆ, ಆದರೆ ಆ ಕ್ರಮ ಎಲ್ಲ ವಿಷಯಕ್ಕೂ ಸಲ್ಲುತ್ತದೆ. ನಂಬದೆ ಇರುವುದು ಮೊದಲ ಹೆಜ್ಜೆ. ಪರೀಕ್ಷಿಸುವುದು ಎರಡನೆಯದು. ರುಜುವಾತು ಸಿಕ್ಕ ಮೇಲೆ ಒಪ್ಪುವುದು ಮೂರನೆಯದು.

*2. ಬಾಬಾಸಾಹೇಬರು ಪ್ರಶ್ನಿಸಿದ ರೀತಿ*

ಸಿದ್ಧಾರ್ಥ ಮುದುಕನನ್ನು, ರೋಗಿಯನ್ನು, ಹೆಣವನ್ನು ಕಂಡು ಮನೆ ಬಿಟ್ಟನೆಂಬ ಕಥೆಯನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಒಪ್ಪಲಿಲ್ಲ. 29 ವರ್ಷ ಬದುಕಿದವನು ಅಲ್ಲಿಯವರೆಗೆ ಇವನ್ನು ನೋಡಿಯೇ ಇರಲಿಲ್ಲವೆ ಎಂದು ಕೇಳಿದರು. ಆದರೆ "ಸುಳ್ಳು" ಎಂದು ಹೇಳಿ ಎದ್ದು ಹೋಗಲಿಲ್ಲ. ಹಾಗಾದರೆ ಕಾರಣವೇನಿರಬಹುದು ಎಂದು ಹುಡುಕಿ, ರೋಹಿಣಿ ನದಿ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಎದ್ದ ಜಗಳವನ್ನು ಮುಂದಿಟ್ಟರು. ಪ್ರಶ್ನೆ ಎತ್ತಿದವನ ಮೇಲೂ ಕೆಲಸದ ಹೊರೆ ಇರುತ್ತದೆ ಎಂಬುದನ್ನು ಅವರು ಹೀಗೆ ತೋರಿಸಿಕೊಟ್ಟರು.

*3. ಈಗ ಚಂದ್ರನ ವಿಷಯ*

1969ರ ಜುಲೈ 20ರಿಂದ 1972ರ ಡಿಸೆಂಬರ್‌ವರೆಗೆ ಆರು ಸಲ ಒಟ್ಟು 12 ಜನ ಚಂದ್ರನ ಮೇಲೆ ಇಳಿದರು ಎಂಬುದು ದಾಖಲೆ. ಅದು ಸುಳ್ಳು ಎಂಬ ವಾದಕ್ಕೆ ದೊಡ್ಡ ಪ್ರಚಾರ ಸಿಕ್ಕಿದ್ದು ಬಿಲ್ ಕೇಸಿಂಗ್ ಎಂಬ ಅಮೆರಿಕನ್ 1976ರಲ್ಲಿ ಪುಸ್ತಕ ಹೊರತಂದ ಮೇಲೆ. ವಿಯೆಟ್ನಾಂ ಯುದ್ಧ, ವಾಟರ್‌ಗೇಟ್ ಹಗರಣಗಳಲ್ಲಿ ಸರ್ಕಾರ ಹೇಳಿದ ಸುಳ್ಳು ಆಗಷ್ಟೇ ಬಯಲಾಗಿತ್ತು. ಜನ ಅನುಮಾನಿಸಿದ್ದು ಸಹಜ. ಆದರೆ ಒಂದು ಕಡೆ ಸುಳ್ಳು ಹೇಳಿದವರು ಇಲ್ಲಿಯೂ ಸುಳ್ಳೇ ಹೇಳಿದ್ದಾರೆ ಎನ್ನಲು ಬೇರೆ ಆಧಾರ ಬೇಕು.

ವಿಡಿಯೊ ಕೊಟ್ಟ ಆಧಾರ ನೋಡಿ. ಗಾಳಿಯಿಲ್ಲದ ಕಡೆ ಬಾವುಟ ಹೇಗೆ ಬಿಚ್ಚಿ ನಿಂತಿತು? ಅದರ ಮೇಲಂಚಿನೊಳಗೆ ಅಡ್ಡ ಸಲಾಕೆ ತೂರಿಸಿದ್ದರು. ಆಕಾಶದಲ್ಲಿ ಚುಕ್ಕೆ ಯಾಕಿಲ್ಲ? ಇದನ್ನು ನೀವೇ ಪರೀಕ್ಷಿಸಬಹುದು. ಏಪ್ರಿಲ್ 14ರ ರಾತ್ರಿ ಮೆರವಣಿಗೆಯ ಝಗಮಗ ದೀಪದಡಿ ನಿಂತವರ ಫೋಟೊ ಮೊಬೈಲಿನಲ್ಲಿ ತೆಗೆಯಿರಿ. ಮುಖಗಳು ಬರುತ್ತವೆ, ಚುಕ್ಕೆ ಬರುವುದಿಲ್ಲ. ಚಂದ್ರನ ಮೇಲೆ ಅವರು ಇಳಿದದ್ದು ಪ್ರಖರ ಬಿಸಿಲಿನಲ್ಲಿ.

ಇನ್ನು ಎದುರು ಕಡೆಯ ಸಾಕ್ಷಿ. ಅಪೊಲೊ 11, 14, 15ರವರು ಇಟ್ಟ ಕನ್ನಡಿಗಳಿಗೆ ಭೂಮಿಯಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿಗೆ ಬೆಳಕು ಮರಳುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಇದೊಂದೇ ಸಾಲದು. ರಷ್ಯದವರು ಯಂತ್ರದಿಂದಲೇ ಅಂಥ ಕನ್ನಡಿ ಇಟ್ಟಿದ್ದಾರೆ. ಆದರೆ ಕಲ್ಲುಮಣ್ಣಿನ ಲೆಕ್ಕ ನೋಡಿ. ಅಪೊಲೊದವರು ತಂದದ್ದು 382 ಕಿಲೊ. ಆ ಕಾಲದಲ್ಲಿ ರಷ್ಯದ ಮೂರು ಯಂತ್ರಗಳು ಕೂಡಿ ತಂದದ್ದು ಸುಮಾರು 300 ಗ್ರಾಂ. ಅಪೊಲೊ ತಂದ ಕಲ್ಲನ್ನು ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮ ದೇಶದ ವಿಜ್ಞಾನಿಗಳೂ ಪರೀಕ್ಷಿಸಿದರು.

ಅದಕ್ಕಿಂತ ದೊಡ್ಡ ಸಾಕ್ಷಿ ಎದುರಾಳಿಯದು. ಅಪೊಲೊ 11 ಇಳಿದ ದಿನಗಳಲ್ಲೇ ರಷ್ಯದ ಲೂನಾ 15 ಚಂದ್ರನನ್ನು ಸುತ್ತುತ್ತಿತ್ತು, ಕೊನೆಗೆ ಅಪ್ಪಳಿಸಿ ಒಡೆಯಿತು. ಅಮೆರಿಕದ ಮೋಸ ಬಯಲು ಮಾಡುವ ಆಸೆಯೂ ಉಪಕರಣವೂ ಇದ್ದದ್ದು ರಷ್ಯಕ್ಕೆ. ಸೋತವರೇ ಮೋಸ ಎನ್ನಲಿಲ್ಲ.

ನಮ್ಮವರ ಕಣ್ಣೂ ಇದೆ. ಇಸ್ರೊದ ಚಂದ್ರಯಾನ-2ರ ಕ್ಯಾಮೆರಾ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ. ಅಲ್ಲಿ ಬಿಟ್ಟುಬಂದ ನೌಕೆಯ ಕೆಳಭಾಗ ಕಾಣುತ್ತದೆ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಇಳಿದಾಗ ಅದರ ಮೇಲೆ ಕಣ್ಣಿಟ್ಟಿದ್ದ ಕೇಂದ್ರ ಇದ್ದದ್ದು ನಮ್ಮ ಬೆಂಗಳೂರಿನಲ್ಲಿ.

"ಭೂಸನೂರದಾಗ ಕುಂತು ನಾವೇನು ಪರೀಕ್ಷಾ ಮಾಡೋಣ್ರಿ?" ಎನ್ನುವವರಿಗೆ ಒಂದು ಉದಾಹರಣೆ. 2019ರ ಸೆಪ್ಟೆಂಬರ್‌ನಲ್ಲಿ ಮೊದಲ ವಿಕ್ರಮ್ ಬಿದ್ದು ಕಾಣೆಯಾಯಿತು. ನಾಸಾ ಸಾರ್ವಜನಿಕರಿಗೆ ಬಿಟ್ಟ ಚಿತ್ರಗಳಲ್ಲಿ ಅದರ ಚೂರನ್ನು ಮೊದಲು ಗುರುತಿಸಿದವರು ಚೆನ್ನೈನ ಷಣ್ಮುಗ ಸುಬ್ರಮಣಿಯನ್ ಎಂಬ ಇಂಜಿನಿಯರ್. ಅವರು ಯಾವ ಬಾಹ್ಯಾಕಾಶ ಸಂಸ್ಥೆಯ ನೌಕರರೂ ಅಲ್ಲ. ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ನೋಡಿದರು. ನಾಸಾ ಅದನ್ನು ಒಪ್ಪಿ ಅವರ ಹೆಸರನ್ನೇ ಹೇಳಿತು. ಏಹಿಪಸ್ಸಿಕೋ, ಬಂದು ನೋಡು ಎಂಬುದರ ಅರ್ಥ ಇದೇ.

*4. ನಮಗೇಕೆ ಇದು ಮುಖ್ಯ*

ಚಂದ್ರನಿಂದ ನಮಗೇನು ಎನ್ನಬೇಡಿ. ಸಂವಿಧಾನವನ್ನು ಅಂಬೇಡ್ಕರರು ಬರೆದೇ ಇಲ್ಲ ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಆಗ ನಾವು ಏನು ಮಾಡುತ್ತೇವೆ? ಸಂವಿಧಾನ ಸಭೆಯ ನಡಾವಳಿ ತೆಗೆಯುತ್ತೇವೆ. 1948ರ ನವೆಂಬರ್ 5ರಂದು ಟಿ.ಟಿ. ಕೃಷ್ಣಮಾಚಾರಿಯವರು, ಕರಡು ಸಮಿತಿಯ ಏಳು ಸದಸ್ಯರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಕೊನೆಗೆ ಭಾರವೆಲ್ಲ ಡಾ. ಅಂಬೇಡ್ಕರರ ಮೇಲೆ ಬಿತ್ತು ಎಂದು ಸಭೆಯಲ್ಲೇ ಹೇಳಿದ್ದನ್ನು ತೋರಿಸುತ್ತೇವೆ. ಅವರು ಕಾಂಗ್ರೆಸ್ಸಿನವರು, ಬಾಬಾಸಾಹೇಬರ ಪಕ್ಷದವರಲ್ಲ. ಅದಕ್ಕೇ ಆ ಸಾಕ್ಷಿಗೆ ತೂಕ.

"ದಾಖಲೆ ಯಾರು ಬೇಕಾದರೂ ಹುಟ್ಟಿಸಬಹುದು" ಎಂಬ ಮಾತನ್ನು ನಾವು ಚಂದ್ರನ ವಿಷಯದಲ್ಲಿ ಒಪ್ಪಿದರೆ, ನಾಳೆ ಅದೇ ಮಾತು ನಮ್ಮ ಕಡೆ ತಿರುಗುತ್ತದೆ. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ 'ರಾಯೋ ಅಸೋಕೋ' ಎಂದು ಬ್ರಾಹ್ಮಿಯಲ್ಲಿ ಕೆತ್ತಿದ ಅಶೋಕನ ಶಿಲ್ಪವನ್ನೂ ಹುಟ್ಟಿಸಿದ್ದು ಎನ್ನಬಹುದು. ಅಧಿಕಾರ, ಹಣ, ಪ್ರಚಾರ ಇದ್ದವರಿಗೆ ದಾಖಲೆ ಇಲ್ಲದಿದ್ದರೂ ನಡೆಯುತ್ತದೆ. ನಮಗೆ ನಡೆಯುವುದಿಲ್ಲ. ನಮ್ಮ ಕೈಯಲ್ಲಿರುವುದು ದಾಖಲೆ ಮತ್ತು ತರ್ಕ ಮಾತ್ರ.

*ಇಂದಿನ ಅಭ್ಯಾಸ*

ಯಾವುದೇ ಫಾರ್ವರ್ಡ್ ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ:

▪️ ಇದನ್ನು ಹೇಳಿದವರ ಎದುರಾಳಿಗಳು ಏನು ಹೇಳುತ್ತಾರೆ?
▪️ ಇದರಲ್ಲಿ ನಾನೇ ನೋಡಿ ಪರೀಕ್ಷಿಸಬಹುದಾದದ್ದು ಯಾವುದು?
▪️ ಯಾವ ರುಜುವಾತು ಸಿಕ್ಕರೆ ನಾನು ಅಭಿಪ್ರಾಯ ಬದಲಿಸುತ್ತೇನೆ?

ಮೂರನೆಯದಕ್ಕೆ "ಯಾವುದು ಸಿಕ್ಕರೂ ಬದಲಿಸುವುದಿಲ್ಲ" ಎಂಬುದೇ ಉತ್ತರವಾದರೆ ಅದು ಪ್ರಶ್ನಿಸುವುದಲ್ಲ. ನಾವು 22 ಪ್ರತಿಜ್ಞೆ ಮಾಡಿ ಬಿಟ್ಟುಬಂದ ಕುರುಡು ನಂಬಿಕೆಯೇ ಹೊಸ ಅಂಗಿ ತೊಟ್ಟು ಬಂದಿದೆ ಎಂದು ತಿಳಿಯಿರಿ.

ಪ್ರಶ್ನೆ ಎತ್ತಿದ ತಮ್ಮನಿಗೆ ಸಾಧು. ಭಾನುವಾರದ ಅಧ್ಯಯನಕ್ಕೆ ಕಾಲಾಮ ಸುತ್ತವನ್ನು ಪೂರ್ತಿ ಓದಿಕೊಂಡು ಬನ್ನಿ.

ಎಲ್ಲರಿಗೂ ಮಂಗಳವಾಗಲಿ.
*ಜೈ ಭೀಮ್. ನಮೋ ಬುದ್ಧಾಯ.* 🙏