ಮನೆಮದ್ದು: ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು



ನಿಮ್ಮ ಬಾಲ್ಯವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಅಡಿಗೆಮನೆಯ ಗೂಡಿನಲ್ಲಿ ಒಂದು ಹಳೆಯ ಡಬ್ಬಿ ಇರುತ್ತಿತ್ತು. ಅದರಲ್ಲಿ ಒಣಶುಂಠಿ, ಕಾಳುಮೆಣಸು, ಹಿಪ್ಪಲಿ, ಓಮ, ಜೀರಿಗೆ, ಅಳಲೆಕಾಯಿ, ಬಜೆ, ಜಾಯಿಕಾಯಿ, ಒಂದು ತುಂಡು ಇಂಗು. ಪಕ್ಕದಲ್ಲಿ ಹರಳೆಣ್ಣೆಯ ಸೀಸೆ. ಹಿತ್ತಲಿಗೆ ಹೋದರೆ ತುಳಸಿ, ದೊಡ್ಡಪತ್ರೆ, ನುಗ್ಗೆ, ಬೇಲಿಯಲ್ಲಿ ಆಡುಸೋಗೆ. ಮನೆಯಲ್ಲಿ ಯಾರಿಗೆ ಏನಾದರೂ ಅಜ್ಜಿ ಮೊದಲು ಕೈಹಾಕುತ್ತಿದ್ದುದು ಈ ಡಬ್ಬಿಗೆ.

ಬೂದಿಕೋಟೆ, ಕಾಮಸಮುದ್ರ, ಬೇತಮಂಗಲದ ಕಡೆಯ ಹಳ್ಳಿಗಳಲ್ಲಿ ಇದ್ದದ್ದು ಈ ಡಬ್ಬಿಯೇ. ಹಾಲು, ಸೊಪ್ಪು ಹೊತ್ತು ಊರಿಗಾಮಿನ ಗಣಿ ಲೈನುಗಳಿಗೆ ಹೋದರೆ ಅಲ್ಲಿನ ತಮಿಳರ, ತೆಲುಗರ ಮನೆಗಳಲ್ಲಿ ಇದ್ದದ್ದೂ ಇದೇ. ನಾವು ಬಜೆ ಎಂದದ್ದನ್ನು ಅವರು ವಸಂಬು ಎಂದರು, ವಸ ಎಂದರು. ಹೆಸರು ಬೇರೆ, ಬೇರು ಒಂದೇ.

ಈಗ ಈ ಡಬ್ಬಿಯ ವಿಷಯದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಳೆಯದೆಲ್ಲ ಮೂಢನಂಬಿಕೆ ಎಂದು ಕೆಲವರು. ಹಳೆಯದೆಲ್ಲ ಅಮೃತ, ಆಸ್ಪತ್ರೆಯ ಗುಳಿಗೆಯೇ ಉಷ್ಣ ಎಂದು ಇನ್ನು ಕೆಲವರು. ಎರಡೂ ಸರಿಯಲ್ಲ. ಬಿತ್ತನೆಗೆ ಮುಂಚೆ ನೀವು ಏನು ಮಾಡುತ್ತೀರಿ? ಬೀಜವನ್ನು ನೀರಿಗೆ ಹಾಕಿ, ತೇಲುವ ಜೊಳ್ಳನ್ನು ತೆಗೆದು, ಮುಳುಗಿದ ಗಟ್ಟಿಕಾಳನ್ನು ಉಳಿಸಿಕೊಳ್ಳುತ್ತೀರಿ. ಅಜ್ಜಿಯ ಮದ್ದನ್ನೂ ಹಾಗೆಯೇ ಆರಿಸಿಕೊಳ್ಳಬೇಕು. ಹೇಗೆ ಎಂಬುದೇ ಈ ತಿಂಗಳ ಪಾಠ.

1. ಇಟ್ಟುಕೊಳ್ಳತಕ್ಕವು

ನೆಗಡಿ, ಗಂಟಲು ಕೆರೆತಕ್ಕೆ ಶುಂಠಿ, ಮೆಣಸು, ತುಳಸಿಯ ಬಿಸಿ ಕಷಾಯ ಒಳ್ಳೆಯದು. ನೆಗಡಿಯನ್ನು ಅದು ಓಡಿಸುವುದಿಲ್ಲ. ನೆಗಡಿ ತಾನಾಗಿ ಒಂದು ವಾರದಲ್ಲಿ ಹೋಗುತ್ತದೆ. ಆದರೆ ಗಂಟಲಿಗೆ ಹಿತವಾಗುತ್ತದೆ, ಹೊಟ್ಟೆಗೆ ನೀರು ಸೇರುತ್ತದೆ. ರಾತ್ರಿ ಕೆಮ್ಮುವ ಮಗುವಿಗೆ ಒಂದು ಚಮಚ ಜೇನುತುಪ್ಪ ಕೊಡುವ ಪದ್ಧತಿಯೂ ಸರಿಯೆಂದೇ ವೈದ್ಯರು ಕಂಡುಕೊಂಡಿದ್ದಾರೆ. ಹೊಟ್ಟೆ ಉಬ್ಬರಕ್ಕೆ ಓಮ, ಓಕರಿಕೆಗೆ ಶುಂಠಿ ಇವೂ ಉಪಯುಕ್ತವೇ.

ಬೇಲಿಯ ಆಡುಸೋಗೆಯನ್ನು ಆಡು ಮುಟ್ಟದು, ಆದರೆ ಅಜ್ಜಿ ಬಿಡಲಿಲ್ಲ. ಅದರ ಎಲೆಯಲ್ಲಿ ವ್ಯಾಸಿಸಿನ್ ಎಂಬ ಸಾರವಿದೆ. ಕಫ ಕರಗಿಸಲು ಅಂಗಡಿಯಲ್ಲಿ ಮಾರುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯನ್ನು ಈ ಸಾರದ ಮಾದರಿಯಿಂದಲೇ ತಯಾರಿಸಿದರು. ಗರ್ಭಿಣಿಯರು ಮಾತ್ರ ಆಡುಸೋಗೆಯನ್ನು ಸೇವಿಸಬಾರದು.

ಟಾನಿಕ್ಕುಗಳಲ್ಲಿ ನಮ್ಮ ನಾಡಿಗೆ ರಾಗಿಯನ್ನು ಮೀರಿಸಿದ್ದಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿ, ಜರಡಿ ಹಿಡಿದು ಮಗುವಿಗೆ ಸರಿ ಕಾಯಿಸುತ್ತಿದ್ದರು. 100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮೊಳಕೆ ಬಂದಾಗ ಹಿಟ್ಟಿನ ಜಿಗುಟು ಕಡಮೆಯಾಗುವುದರಿಂದ ಅದೇ ಬಟ್ಟಲು ಗಂಜಿಗೆ ಹೆಚ್ಚು ಹಿಟ್ಟು ಹಿಡಿಯುತ್ತದೆ. ಮಗುವಿನ ಸಣ್ಣ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ. ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಇದನ್ನು ಕೊಡಿ. ಬಣ್ಣದ ಡಬ್ಬಿಯ ಪುಡಿಗೆ ದುಡ್ಡು ಸುರಿಯುವ ಮುಂಚೆ ನಿಮ್ಮ ಹೊಲದ ರಾಗಿಯನ್ನೂ ಹಿತ್ತಲ ನುಗ್ಗೆಸೊಪ್ಪನ್ನೂ ನೆನೆಯಿರಿ.

2. ವಯಸ್ಸು, ಅಳತೆ ನೋಡಿ ಬಳಸತಕ್ಕವು

ಜೇನು ಒಳ್ಳೆಯದೆಂದೆವು. ಆದರೆ ಒಂದು ವರ್ಷ ತುಂಬದ ಮಗುವಿಗೆ ಅದನ್ನು ನೆಕ್ಕಿಸಲೇಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವಾಗುತ್ತದೆ. ದೊಡ್ಡವರಿಗೆ ಅದು ತೊಂದರೆ ಕೊಡುವುದಿಲ್ಲ.

ಬಜೆ, ಜಾಯಿಕಾಯಿಗಳನ್ನು ಕಲ್ಲಿನ ಮೇಲೆ ತೇದು ಹಸುಗೂಸಿಗೆ ನೆಕ್ಕಿಸುವುದುಂಟು. ಬಜೆ ಹೆಚ್ಚಾದರೆ ಕೂಸು ವಾಂತಿ ಮಾಡಿಕೊಂಡು ಸೊರಗುತ್ತದೆ. ಮೊದಲ ಆರು ತಿಂಗಳು ಎದೆಹಾಲು ಹೊರತು ನೀರು ಸಹ ಬೇಡ. ಗ್ರೈಪ್ ವಾಟರಿನ ಕಥೆಯೂ ಇಲ್ಲೇ ಬರುತ್ತದೆ. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರಿನಲ್ಲಿ ವಿಲಿಯಂ ವುಡ್‌ವರ್ಡ್ ಎಂಬಾತ ಅದನ್ನು ತಯಾರಿಸಿದ. ಆಗ ಅದರಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆಯ ಜೊತೆಗೆ ಮದ್ಯಸಾರವೂ ಇತ್ತು. ಕೂಸು ಸುಮ್ಮನಾಗುತ್ತಿದ್ದುದಕ್ಕೆ ಅದೂ ಒಂದು ಕಾರಣವೆಂದು ತಿಳಿದವರು ಹೇಳುತ್ತಾರೆ. ಈಗಿನ ಸೀಸೆಗಳಲ್ಲಿ ಮದ್ಯಸಾರ ಇಲ್ಲದಿದ್ದರೂ, ಆರು ತಿಂಗಳೊಳಗಿನ ಕೂಸಿಗೆ ಅದರ ಅಗತ್ಯವಿಲ್ಲ. ಕರ್ಪೂರ ಬೆರೆತ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳ ಮೂಗಿಗೆ, ಎದೆಗೆ ತಿಕ್ಕಬೇಡಿ.

ಇನ್ನು ಹರಳೆಣ್ಣೆ. ತಿಂಗಳಿಗೊಮ್ಮೆ ಬೆಳಿಗ್ಗೆ ಮಕ್ಕಳನ್ನು ಸಾಲಾಗಿ ಕೂರಿಸಿ, ಮೂಗು ಹಿಡಿದು ಕುಡಿಸುತ್ತಿದ್ದುದನ್ನು ಯಾರು ಮರೆತಾರು? ಹುಳು ಬೀಳಲೆಂದು ಹಾಗೆ ಮಾಡುತ್ತಿದ್ದರು. ಎಣ್ಣೆ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆಯೇ ಹೊರತು ಹುಳುವನ್ನು ಕೊಲ್ಲುವುದಿಲ್ಲ. ಹುಳುವಿಗೆ ಆಲ್ಬೆಂಡಜೋಲ್ ಗುಳಿಗೆ ಇದೆ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಎರಡು ವರ್ಷ ಮೇಲ್ಪಟ್ಟವರಿಗೆ ಒಂದು ಗುಳಿಗೆ, ಒಂದರಿಂದ ಎರಡು ವರ್ಷದವರಿಗೆ ಅರ್ಧ. ಹೊಟ್ಟೆನೋವೆಂದು ಅಳುವ ಮಗುವಿಗೆ ಹರಳೆಣ್ಣೆ ಕುಡಿಸುವುದು ಬಹಳ ಅಪಾಯ. ಕರುಳಬಾಲ ಬಾತಿದ್ದರೆ ಅದು ಒಡೆದುಹೋಗಬಹುದು. ಗರ್ಭಿಣಿಯರಿಗೂ ಅದು ಬೇಡ. ಶನಿವಾರದ ಎಣ್ಣೆಸ್ನಾನಕ್ಕೆ ಇರಲಿ.

ಮಂಡಿನೋವು, ಬೆನ್ನು ಬಿಗಿತಕ್ಕೆ ಎಣ್ಣೆ ಕಾಯಿಸಿ ಹಚ್ಚುವುದರಿಂದ ಸ್ವಲ್ಪ ಸುಖ ಸಿಕ್ಕೀತು. ಆದರೆ ನಮ್ಮ ಕೋಲಾರ ಸೀಮೆಯ ಎಷ್ಟೋ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಹಲ್ಲಿನಲ್ಲಿ ಕಂದು ಗೆರೆ, ಮೈಯಲ್ಲಿ ಬಿಗಿತ ಅದರಿಂದಲೂ ಬರುತ್ತದೆ. ಅಂಥ ನೀರನ್ನು ಕಾಯಿಸಿದರೂ ಫ್ಲೋರೈಡು ಹೋಗುವುದಿಲ್ಲ. ಅಲ್ಲಿ ಬದಲಾಯಿಸಬೇಕಾದದ್ದು ಎಣ್ಣೆಯನ್ನಲ್ಲ, ನೀರನ್ನು. ಪಂಚಾಯಿತಿಯಲ್ಲಿ ಕೇಳಿ ನೀರನ್ನು ಪರೀಕ್ಷೆ ಮಾಡಿಸಿ.

3. ಇಂದೇ ಬಿಡತಕ್ಕವು

ಹೊಕ್ಕುಳಬಳ್ಳಿಯನ್ನು ಕುಡುಗೋಲಿನಿಂದ ಕೊಯ್ದು, ಬೂದಿಯನ್ನೋ ಸಗಣಿಯನ್ನೋ ಹಚ್ಚುತ್ತಿದ್ದ ಕಾಲವಿತ್ತು. ಅದರಿಂದ ಎಷ್ಟೋ ಕೂಸುಗಳು ಧನುರ್ವಾಯುವಿಗೆ ತುತ್ತಾದವು. ತಾಯಂದಿರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ ಬಂದ ಮೇಲೆ, 2015ರಲ್ಲಿ ಭಾರತ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ತೊಲಗಿಸಿದ ದೇಶವೆನಿಸಿತು. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡುವುದೇ ಮದ್ದು.

ಕಾಮಾಲೆಗೆ, ಮಗುವಿನ ಹೊಟ್ಟೆಯುಬ್ಬರಕ್ಕೆ ಕಾದ ಕಬ್ಬಿಣದಿಂದ ಬರೆ ಎಳೆಯುವುದನ್ನು ನಿಲ್ಲಿಸಿ. ಬರೆ ರೋಗವನ್ನು ಮುಟ್ಟುವುದಿಲ್ಲ. ಹುಣ್ಣಾಗಿ ಕೀವು ತುಂಬುತ್ತದೆ.

ನಾಯಿ ಕಚ್ಚಿದರೆ ಖಾರದಪುಡಿ, ಸುಣ್ಣ ಮೆತ್ತಬೇಡಿ. ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಹಳೆಯದು. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚುತ್ತಾರೆ, ಅಷ್ಟೆ. ಹುಚ್ಚು ಒಮ್ಮೆ ತೋರಿದ ಮೇಲೆ ಉಳಿಸುವ ಮದ್ದಿಲ್ಲ.

ಹಾವು ಕಚ್ಚಿದಾಗ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಬೇರು ಅರೆದು ಕುಡಿಸುವುದು, ಇವೆಲ್ಲ ಸಮಯವನ್ನು ನುಂಗುತ್ತವೆ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಫೋನು ಮಾಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಆಸ್ಪತ್ರೆಯಲ್ಲಿ ಸಿಗುತ್ತದೆ. ನಾಟಿ ವೈದ್ಯರ ಕೈಯಲ್ಲಿ ಉಳಿದವರೆಂದು ನೀವು ಕೇಳಿದ್ದೀರಿ. ವಿಷವಿಲ್ಲದ ಹಾವು ಕಚ್ಚಿದವರು, ಹಾವು ವಿಷ ಬಿಡದೆ ಕಚ್ಚಿದವರು ಮದ್ದಿಲ್ಲದಿದ್ದರೂ ಉಳಿಯುತ್ತಾರೆ ಎಂಬುದನ್ನು ತಿಳಿಯಿರಿ.

4. ಭೇದಿಯಾದಾಗ ನೀರು ನಿಲ್ಲಿಸಬೇಡಿ

ಈ ಪಾಠದಲ್ಲಿ ಎಲ್ಲವನ್ನೂ ಮರೆತರೂ ಈ ಭಾಗವನ್ನು ಮರೆಯಬೇಡಿ.

"ಲಂಘನಂ ಪರಮೌಷಧಂ" ಎಂಬ ಮಾತು ಹಿರಿಯರ ಬಾಯಲ್ಲಿ ಇತ್ತು. ಉಪವಾಸವೇ ಪರಮ ಔಷಧಿ ಎಂದು ಅದರ ಅರ್ಥ. ಹಬ್ಬದೂಟ ಹೆಚ್ಚಾಗಿ ಹೊಟ್ಟೆ ಕೆಟ್ಟ ದೊಡ್ಡವರಿಗೆ ಅದು ಸರಿಹೋದೀತು. ಭೇದಿಯಾಗುವ ಮಗುವಿಗೆ ಅದು ಸಾವು. 1960ರ ದಶಕದ ಒಂದು ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಹಾಗೇ ಆಯಿತು. ನನ್ನ ತಂಗಿಗೆ ಆಗ ಒಂದೂವರೆ ವರ್ಷ. ವಾಂತಿಭೇದಿ ಹಿಡಿಯಿತು. ಒಳಗೆ ಹೋದ ನೀರೇ ಹೊರಗೆ ಬರುತ್ತಿದೆ, ನೀರು ಕೊಡಬೇಡಿ ಎಂದರು ನಮ್ಮಜ್ಜಿ. ತಂಗಿ ಚೊಂಬಿನ ಕಡೆ ಕೈ ಚಾಚುತ್ತಿದ್ದಳು. ಅಜ್ಜಿ ದಾಳಿಂಬೆ ಸಿಪ್ಪೆಯನ್ನು ತೇದು ನಾಲಿಗೆಗೆ ಹಚ್ಚಿದರು, ದೃಷ್ಟಿ ತೆಗೆದರು, ರಾತ್ರಿಯೆಲ್ಲ ತೊಡೆಯಿಂದ ಇಳಿಸಲಿಲ್ಲ. ಬೆಳಗಾಗುವಷ್ಟರಲ್ಲಿ ಮಗು ಹೋಯಿತು. ಅಜ್ಜಿಯ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ತಿಳಿವಳಿಕೆ ಇನ್ನೂ ನಮ್ಮ ಊರಿಗೆ ಬಂದಿರಲಿಲ್ಲ. ಇಂದು ಬಂದಿದೆ, ಆದುದರಿಂದ ಇಂದು ಹಾಗಾದರೆ ತಪ್ಪು ನಮ್ಮದು.

ಭೇದಿಯಾದಾಗ ಮಗುವನ್ನು ಕೊಲ್ಲುವುದು ಹೆಚ್ಚಾಗಿ ಮೈಯ ನೀರೂ ಉಪ್ಪೂ ಬರಿದಾಗುವುದು. ಬರಿಯ ನೀರನ್ನು ಕೆರಳಿದ ಕರುಳು ಚೆನ್ನಾಗಿ ಹೀರದು. ಉಪ್ಪು ಮತ್ತು ಸಕ್ಕರೆ ತಕ್ಕ ಅಳತೆಯಲ್ಲಿ ಕೂಡಿದರೆ, ಸಕ್ಕರೆ ಉಪ್ಪನ್ನು ಒಳಕ್ಕೆ ಎಳೆಯುತ್ತದೆ, ಉಪ್ಪು ನೀರನ್ನು ಎಳೆಯುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ನಿರಾಶ್ರಿತರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ನರಕ್ಕೆ ಹಾಕುವ ಸಲೈನು ಮುಗಿಯುತ್ತ ಬಂತು. ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬುವರು ಉಪ್ಪು, ಗ್ಲೂಕೋಸು, ಅಡಿಗೆಸೋಡಾ ಬೆರೆಸಿದ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಇಂದು ಆಶಾ ಕಾರ್ಯಕರ್ತೆಯ ಚೀಲದಲ್ಲಿರುವ ಓಆರ್‌ಎಸ್ ಪೊಟ್ಟಣ ಅದರದೇ ಸಂತತಿ.

ಮಾಡುವ ಕ್ರಮ ಹೀಗೆ. ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣವನ್ನು ಪೂರ್ತಿ ಹಾಕಿ ಕಲಸಿ. ಪೊಟ್ಟಣವಿಲ್ಲದಿದ್ದರೆ ಅದೇ ಒಂದು ಲೀಟರಿಗೆ ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಚಮಚ ತಲೆಗಟ್ಟಿ ಅಳೆಯಿರಿ, ರಾಶಿ ಹಾಕಬೇಡಿ. ಉಪ್ಪು ಹೆಚ್ಚಾದರೆ ಕೇಡು. ಪ್ರತಿ ಭೇದಿಯ ಮೇಲೂ ಎರಡು ವರ್ಷದೊಳಗಿನ ಮಗುವಿಗೆ ಅರ್ಧ ಲೋಟದವರೆಗೆ, ದೊಡ್ಡ ಮಗುವಿಗೆ ಒಂದು ಲೋಟದವರೆಗೆ ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಿಂದ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಊಟ ಮಾಡುವ ಮಗುವಿಗೆ ಗಂಜಿ, ಮಜ್ಜಿಗೆ ಅನ್ನ ಕೊಡಿ. ಜೊತೆಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಜಿಂಕ್ ಗುಳಿಗೆಯನ್ನು ಭೇದಿ ನಿಂತರೂ 14 ದಿನ ಮುಗಿಸಿ. ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡಬೇಡಿ.

ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮಗು ಮಂಕಾಗಿ ಕುಡಿಯದೆ ಹೋದರೆ, ಮಲದಲ್ಲಿ ರಕ್ತ ಕಂಡರೆ, ಕೂಡಲೇ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಕುಡಿಸುತ್ತಿರಿ.

5. ಎರಡು ವಾರ ದಾಟಿದ ಕೆಮ್ಮು

ಚಿನ್ನದ ಗಣಿಯಲ್ಲಿ ದುಡಿದವರ ಮನೆಗಳಲ್ಲಿ ಕೆಮ್ಮಿನ ಕಷಾಯ ಒಲೆಯಿಂದ ಇಳಿಯುತ್ತಿರಲಿಲ್ಲ. 1940ರ ದಶಕದಲ್ಲಿ ಕೋಲಾರ ಗಣಿಯ ಸಾವಿರಾರು ಕೆಲಸಗಾರರ ಎದೆಯನ್ನು ಪರೀಕ್ಷಿಸಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಗಟ್ಟಿಗಟ್ಟುವ ರೋಗ ಕಂಡುಬಂತು. ಅಂಥ ಎದೆಗೆ ಕ್ಷಯವೂ ಸುಲಭವಾಗಿ ಹತ್ತುತ್ತದೆ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಕಲ್ಲುಕ್ವಾರಿ, ಜಲ್ಲಿ ಯಂತ್ರಗಳಿಗೆ ಹೋಗುವ ಹುಡುಗರು ನಮ್ಮ ಹಳ್ಳಿಗಳಲ್ಲಿ ಇಂದೂ ಇದ್ದಾರೆ. ಎರಡು ವಾರ ದಾಟಿದ ಕೆಮ್ಮನ್ನು ಆಡುಸೋಗೆಗೆ ಬಿಡಬೇಡಿ. ಕಫ ಪರೀಕ್ಷೆ, ಕ್ಷಯದ ಔಷಧಿ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೊನೆಯ ಮಾತು

"ಹಿತ್ತಲ ಗಿಡ ಮದ್ದಲ್ಲ" ಎಂದು ಗಾದೆ. ಹತ್ತಿರ ಇರುವುದನ್ನು ತಾತ್ಸಾರ ಮಾಡಬಾರದೆಂದು ಅದರ ಬುದ್ಧಿವಾದ. ಅದಕ್ಕೆ ಇಷ್ಟನ್ನು ಸೇರಿಸಿಕೊಳ್ಳಿ: ಹಿತ್ತಲ ಗಿಡ ಸಣ್ಣ ಕಾಯಿಲೆಗೆ ಮದ್ದು, ದೊಡ್ಡ ಕಾಯಿಲೆಗೆ ಅದು ತಡ. ಈ ವಾರ ಮನೆಯವರೆಲ್ಲ ಕೂತು ಅಜ್ಜಿಯ ಡಬ್ಬಿಯನ್ನು ತೆರೆಯಿರಿ. ಶುಂಠಿ, ಮೆಣಸು, ಓಮ ಇರಲಿ. ಅವುಗಳ ಪಕ್ಕದಲ್ಲಿ ಎರಡು ಓಆರ್‌ಎಸ್ ಪೊಟ್ಟಣ ಇಡಿ. ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿ: ಒಂದು ಲೀಟರು ನೀರು, 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಓದಲು ಬಾರದ ಅಜ್ಜಿಗೆ ಬಾಯಿಪಾಠ ಮಾಡಿಸಿ. ಮುಂದಿನ ತಿಂಗಳು ಸ್ತ್ರೀಶಕ್ತಿ ಸಂಘದ ಸಭೆ ಸೇರಿದಾಗ ಎಷ್ಟು ಮನೆಗಳಲ್ಲಿ ಚೀಟಿ ಅಂಟಿದೆಯೆಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ.